ಸ್ಟೆಮ್ ಸೆಲ್ ಚಿಕಿತ್ಸೆ: ಹಣ ಕಟ್ಟುವ ಮೊದಲು



ನಮ್ಮ ಕಾಸರಗೋಡು ಸೀಮೆಯಲ್ಲಿ ಅಂಗವಿಕಲ ಮಕ್ಕಳನ್ನು ಎತ್ತಿ ಆಡಿಸಿ ಸಾಕುವ ಮನೆಗಳು ಅನೇಕ. ಗೇರುತೋಟಗಳ ಮೇಲೆ ೨೦೦೦ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ನಾವು ಮರೆತಿಲ್ಲ. ಬಾಧಿತರಿಗೆ ತಲಾ ೫ ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. ಅಂಥ ಹಣವಾಗಲಿ, ತೋಟ ಅಡವಿಟ್ಟು ತಂದ ಸಾಲವಾಗಲಿ, ಮಗು ನಡೆಯುತ್ತದೆ, ಮಾತಾಡುತ್ತದೆ ಎಂಬ ಒಂದು ಜಾಹೀರಾತನ್ನು ನಂಬಿ ಕರಗಿಹೋಗಬಾರದು. ಆದುದರಿಂದ ಈ ಸಲ ಸ್ಟೆಮ್ ಸೆಲ್ ಚಿಕಿತ್ಸೆಯ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ದೇಹದ ಚರ್ಮ, ಸ್ನಾಯು, ನರ ಇವುಗಳ ಜೀವಕೋಶಗಳು ತಮ್ಮ ತಮ್ಮ ಕೆಲಸಕ್ಕೆ ಕಟ್ಟುಬಿದ್ದವು. ಆದರೆ ತಾನೂ ಉಳಿದು, ಒಡೆದು, ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೆಲವು ಕೋಶಗಳಿವೆ. ಇವೇ ಸ್ಟೆಮ್ ಸೆಲ್, ಅಂದರೆ ಆಕರಕೋಶಗಳು. ಎಲುಬಿನೊಳಗಿನ ಮಜ್ಜೆಯಲ್ಲಿರುವ ಇಂಥ ಕೋಶಗಳೇ ದಿನವೂ ಹೊಸ ರಕ್ತವನ್ನು ಉಂಟುಮಾಡುತ್ತವೆ. ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರು ೧೯೫೭ರಲ್ಲಿ ರೋಗಿಗಳಿಗೆ ಮಜ್ಜೆ ಕೊಡುವ ಪ್ರಯತ್ನ ಆರಂಭಿಸಿದರು. ೧೯೯೦ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ ಮುಂತಾದ ರೋಗಗಳಿಗೆ ಈ ಚಿಕಿತ್ಸೆ ಇಂದು ಎಲ್ಲರೂ ಒಪ್ಪಿದ್ದು. ಇದರಲ್ಲಿ ಸಂದೇಹವಿಲ್ಲ.

ಸಂದೇಹ ಇರುವುದು ಉಳಿದವುಗಳಲ್ಲಿ. ಮೆದುಳಿನ ಪಾರ್ಶ್ವವಾಯು, ಆಟಿಸಂ, ಬೆನ್ನುಹುರಿಯ ಪೆಟ್ಟು, ಸಕ್ಕರೆ ಕಾಯಿಲೆ, ಹೀಗೆ ಎಲ್ಲಕ್ಕೂ ಒಂದೇ ಚುಚ್ಚುಮದ್ದು ಎಂದರೆ ನಾವು ನಿಂತು ಯೋಚಿಸಬೇಕು.

ಕೃಷಿಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಡಿಕೆಗೆ ಹೊಸದೊಂದು ಮದ್ದು ಬಿಟ್ಟೆವು, ಆ ವರ್ಷ ಕೊಳೆರೋಗ ಬರಲಿಲ್ಲ ಎಂದಿಟ್ಟುಕೊಳ್ಳಿ. ಅದು ಮದ್ದಿನ ಗುಣವೋ, ಮಳೆ ಕಡಿಮೆಯಾದುದರ ಫಲವೋ? ಒಂದೇ ತೋಟದಲ್ಲಿ ಕೆಲವು ಸಾಲಿಗೆ ಹೊಸ ಮದ್ದು, ಕೆಲವು ಸಾಲಿಗೆ ಹಳೆಯ ಮೈಲುತುತ್ತು ಸುಣ್ಣದ ಮದ್ದು ಬಿಟ್ಟು ಹೋಲಿಸಿದರೆ ಮಾತ್ರ ತಿಳಿದೀತು. ಮಕ್ಕಳ ವಿಷಯವೂ ಹಾಗೆಯೇ. ಮಗು ಬೆಳೆಯುತ್ತಾ ತಾನಾಗಿಯೇ ಸ್ವಲ್ಪ ಕಲಿಯುತ್ತದೆ. ಚುಚ್ಚುಮದ್ದಿನ ಜೊತೆಗೆ ವ್ಯಾಯಾಮ, ಮಾತಿನ ತರಬೇತಿ ನಡೆದಿದ್ದರೆ ಗುಣ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ಹೋಲಿಸಿ ನೋಡದ ಸಾಕ್ಷ್ಯ ಸಾಕ್ಷ್ಯವಲ್ಲ.

ಗುಣವಾಗದಿದ್ದರೂ ನಷ್ಟವೇನು ಎನ್ನುವವರಿದ್ದಾರೆ. ಅಮೆರಿಕದ ಫ್ಲೋರಿಡಾದಲ್ಲಿ ೨೦೧೫ರಲ್ಲಿ ಮೂವರು ವೃದ್ಧೆಯರ ಎರಡೂ ಕಣ್ಣಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಲಾಯಿತು. ಪ್ರತಿಯೊಬ್ಬರೂ ೫,೦೦೦ ಡಾಲರ್ ಕೊಟ್ಟಿದ್ದರು. ಇದ್ದ ದೃಷ್ಟಿಯನ್ನೂ ಅವರು ಕಳೆದುಕೊಂಡರೆಂದು ೨೦೧೭ರಲ್ಲಿ ವೈದ್ಯಕೀಯ ಪತ್ರಿಕೆ ವರದಿ ಮಾಡಿತು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೦೭ರಲ್ಲಿ ಮಾರ್ಗಸೂಚಿ ಹೊರಡಿಸಿತು. ೨೦೧೩ರಲ್ಲಿ ಅದನ್ನು ತಿದ್ದುವಾಗ 'ಚಿಕಿತ್ಸೆ' ಎಂಬ ಪದವನ್ನೇ ಶೀರ್ಷಿಕೆಯಿಂದ ತೆಗೆಯಿತು. ರಕ್ತಸಂಬಂಧಿ ರೋಗಗಳಿಗೆ ಮಾಡುವ ಮಜ್ಜೆಯ ಕಸಿಯ ಹೊರತು ಬೇರೆಲ್ಲವೂ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕೆಂದು ೨೦೧೭ರ ಮಾರ್ಗಸೂಚಿ ಹೇಳಿತು. ಆಟಿಸಂಗೆ ಸ್ಟೆಮ್ ಸೆಲ್ ಬಳಸುವುದು ಸರಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ತಿಳಿಸಿತು. ಸರಿಯಾದ ದಾರಿ ಮುಚ್ಚಿಲ್ಲ. ಬೆಂಗಳೂರಿನ ಸಂಸ್ಥೆಯೊಂದು ತಯಾರಿಸಿದ ಇಂಥ ಮದ್ದಿಗೆ, ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯಲ್ಲಿ ಬಳಸಲು, ೨೦೨೦ರಲ್ಲಿ ಅನುಮತಿ ಸಿಕ್ಕಿತು. ಆದರೆ ಅದು ಪರೀಕ್ಷೆಗಳನ್ನು ದಾಟಿದ ಮೇಲೆ.

ಧರ್ಮಸಭೆ ಏನನ್ನುತ್ತದೆ ಎಂದು ಕೆಲವರು ಕೇಳುತ್ತಾರೆ. ಬೆಳೆದ ಮನುಷ್ಯನ ದೇಹದಿಂದ, ಹೊಕ್ಕುಳಬಳ್ಳಿಯ ರಕ್ತದಿಂದ ಕೋಶಗಳನ್ನು ತೆಗೆಯುವುದು ತಪ್ಪಲ್ಲ. ಭ್ರೂಣವನ್ನು ಕೊಂದು ತೆಗೆಯುವುದು ಘೋರ ತಪ್ಪು. ೨೦೦೮ರಲ್ಲಿ ವ್ಯಾಟಿಕನ್ ಪ್ರಕಟಿಸಿದ 'ದಿಗ್ನಿತಾಸ್ ಪೆರ್ಸೋನೆ' ಎಂಬ ಬೋಧನಾಪತ್ರ ಇದನ್ನು ಸ್ಪಷ್ಟಪಡಿಸಿದೆ. ಆದರೆ ಪಾಪವಲ್ಲ ಎಂದ ಮಾತ್ರಕ್ಕೆ ಗುಣವಾಗುತ್ತದೆ ಎಂದಲ್ಲ. ಇವೆರಡನ್ನೂ ಬೆರೆಸಬಾರದು.

ಯಾರಾದರೂ ಇಂಥ ಚಿಕಿತ್ಸೆಗೆ ಕರೆದರೆ ಹೀಗೆ ಕೇಳಿರಿ. ಇದು ಅನುಮತಿ ಪಡೆದ ಚಿಕಿತ್ಸೆಯೋ, ಪ್ರಯೋಗವೋ? ಪ್ರಯೋಗವಾದರೆ ಸಿ.ಟಿ.ಆರ್.ಐ. ನೋಂದಣಿ ಸಂಖ್ಯೆ ಎಷ್ಟು, ನೈತಿಕ ಸಮಿತಿಯ ಒಪ್ಪಿಗೆ ಎಲ್ಲಿದೆ? ನೋಂದಣಿಯೊಂದೇ ಸಾಲದು; ಔಷಧ ನಿಯಂತ್ರಣಾಧಿಕಾರಿಯ ಅನುಮತಿಯನ್ನೂ ತೋರಿಸಲಿ. ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿರಿ. ಒಪ್ಪಿಗೆ ಪತ್ರವು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದು ನಿಮಗೆ ಓದಲು ಬಾರದಿದ್ದರೆ, ಕನ್ನಡದಲ್ಲಿ ಕೊಡದ ಹೊರತು ರುಜು ಹಾಕಬೇಡಿ. ತಿಳಿಯುವ ಭಾಷೆಯಲ್ಲಿ ತಿಳಿಸುವುದು ಅವರ ಕರ್ತವ್ಯ, ನಿಮ್ಮ ಹಕ್ಕು.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀ ತನ್ನದೆಲ್ಲವನ್ನೂ ವೈದ್ಯರಿಗೆ ಸುರಿದು ಇನ್ನಷ್ಟು ಕೆಟ್ಟಳೆಂದು ಸಂತ ಮಾರ್ಕನು ಬರೆಯುತ್ತಾನೆ. ಯೇಸುಸ್ವಾಮಿ ಆಕೆಯನ್ನು ಗದರಿಸಲಿಲ್ಲ. ಮಗುವಿಗಾಗಿ ಹಣ ಸುರಿದ ತಂದೆತಾಯಂದಿರನ್ನು ನಾವೂ ಹಳಿಯಬಾರದು. ಬದಲಿಗೆ ನೆರೆಯವರಾಗಿ ಅವರ ಜೊತೆ ಆಸ್ಪತ್ರೆಗೆ ಹೋಗೋಣ, ಕಾಗದಪತ್ರ ಓದಿ ಹೇಳೋಣ. ವ್ಯಾಯಾಮ ಚಿಕಿತ್ಸೆ, ವಿಶೇಷ ಶಾಲೆ, ಸರಿಯಾದ ಆಹಾರ ಇವು ನಿಧಾನವಾದರೂ ಕೆಲಸಕ್ಕೆ ಬರುತ್ತವೆ. ಉಳಿದ ಹಣ ಅವಕ್ಕೆ ಬೇಕು. ತಾಯಿಗೆ ಒಂದು ಮಧ್ಯಾಹ್ನದ ವಿಶ್ರಾಂತಿಯಾಗುವಂತೆ ಮಗುವನ್ನು ನೋಡಿಕೊಳ್ಳುವವರು ನಮ್ಮ ಪ್ರತಿ ವಾಳೆಯಲ್ಲೂ ಒಬ್ಬರಾದರೂ ಮುಂದೆ ಬರಲಿ.