ಪ್ರಕಾರನಾಮವೂ ಕೃತಿಯ ಮೌಲ್ಯವೂ: ಭಾರತದ ನಾಲ್ಕು ಊಹಾಕಥೆಗಳನ್ನು ಕುರಿತು

ಗ್ರಂಥಭಂಡಾರದಲ್ಲಿ ಒಂದು ಕೃತಿಯನ್ನು ಯಾವ ಸಾಲಿನಲ್ಲಿಡಬೇಕೆಂಬುದು ಮೇಲ್ನೋಟಕ್ಕೆ ಅಲ್ಪವಾದ ಪ್ರಶ್ನೆ. ಆದರೆ ಎಷ್ಟೋ ವೇಳೆ ಆ ಸ್ಥಾನವೇ ಕೃತಿಯ ವಾಚಕರು ಯಾರೆಂಬುದನ್ನು ನಿರ್ಧರಿಸುತ್ತದೆ. ಎರಡು ಸಾಲುಗಳ ನಡುವೆ ನಿಲ್ಲುವ ಕೃತಿಗೆ ಎರಡರಲ್ಲಿಯೂ ಎಡೆ ದೊರೆಯದೆ ಹೋಗುವುದುಂಟು. ಇಲ್ಲದ ಲೋಕವೊಂದನ್ನು ಊಹಿಸಿ ಬರೆದ ಕಥೆಗಳಿಗೆ ಈ ದುರವಸ್ಥೆ ವಿಶೇಷವಾಗಿ ಒದಗಿದೆ. ಭಾರತದಲ್ಲಿ 1835ರಿಂದ 1905ರವರೆಗೆ ಹುಟ್ಟಿದ ಇಂಥ ನಾಲ್ಕು ಕಥೆಗಳನ್ನು ಉದಾಹರಣೆಯಾಗಿಟ್ಟುಕೊಂಡು, ಪ್ರಕಾರಗಳಿಗೆ ಹೆಸರಿಡುವ ಕ್ರಮವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೆಸರುಗಳ ಚರಿತ್ರೆಯನ್ನು ನೋಡೋಣ. ಜೂಲ್ಸ್ ವರ್ನನ ಕಾದಂಬರಿಗಳು ಫ್ರಾನ್ಸಿನಲ್ಲಿ ‘ಅಸಾಧಾರಣ ಯಾತ್ರೆಗಳು’ ಎಂಬ ಮಾಲೆಯಾಗಿ ಪ್ರಕಟವಾದುವು. ಎಚ್. ಜಿ. ವೆಲ್ಸನ ಕೃತಿಗಳನ್ನು ಇಂಗ್ಲೆಂಡಿನಲ್ಲಿ ‘ಸೈಂಟಿಫಿಕ್ ರೊಮಾನ್ಸ್’ ಎಂದು ಕರೆದರು. ಅಮೆರಿಕದ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯನ್ನು ಆರಂಭಿಸಿದಾಗ ‘ಸೈಂಟಿಫಿಕ್ಷನ್’ ಎಂಬ ಪದವನ್ನು ಬಳಸಿದನು. ‘ಸೈನ್ಸ್ ಫಿಕ್ಷನ್’ ಎಂಬ ಮಾತು ಬಳಕೆಯಲ್ಲಿ ನೆಲೆಗೊಂಡದ್ದು ಅದಾದ ಮೇಲೆ. 1947ರಲ್ಲಿ ರಾಬರ್ಟ್ ಹೈನ್‌ಲೈನ್ ತನ್ನ ಒಂದು ಪ್ರಬಂಧದಲ್ಲಿ ‘ಸ್ಪೆಕ್ಯುಲೇಟಿವ್ ಫಿಕ್ಷನ್’ ಎಂಬ ಹೆಸರನ್ನು ಮುಂದಿಟ್ಟನು. ಬಂಗಾಳಿಯಲ್ಲಿ ‘ಕಲ್ಪವಿಜ್ಞಾನ’ ಎಂಬ ಪದ ಅದ್ರೀಶ್ ಬರ್ಧನ್ ಅವರಿಂದ ಪ್ರಚಾರಕ್ಕೆ ಬಂದಿತು. ಕನ್ನಡದಲ್ಲಿ ‘ವೈಜ್ಞಾನಿಕ ಕಥೆ’ ಎನ್ನುತ್ತೇವೆ. ಇವುಗಳಲ್ಲಿ ಕೆಲವು ಪ್ರಕಾಶಕರ ಸೌಕರ್ಯದಿಂದಲೂ ಕೆಲವು ಲೇಖಕರ ಅಭಿಮಾನದಿಂದಲೂ ಹುಟ್ಟಿದುವು. ನಾವು ವಿಚಾರಿಸಲಿರುವ ಕಥೆಗಳಾದರೋ ಇವುಗಳಲ್ಲಿ ಹೆಚ್ಚಿನ ಹೆಸರುಗಳಿಗಿಂತ ಹಿರಿಯವು.

ಮೊದಲನೆಯದು ಕೈಲಾಸಚಂದ್ರ ದತ್ತನು ಇಂಗ್ಲಿಷಿನಲ್ಲಿ ಬರೆದ ‘1945ನೆಯ ಇಸವಿಯ ನಲವತ್ತೆಂಟು ಗಂಟೆಗಳ ದಿನಚರಿ’. ಕಲ್ಕತ್ತದ ಹಿಂದೂ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಈ ತರುಣನ ಕಥೆ 1835ರಲ್ಲಿ ‘ಕಲ್ಕತ್ತ ಲಿಟರರಿ ಗೆಜೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ನೂರಹತ್ತು ವರ್ಷಗಳ ಮುಂದೆ ಭಾರತೀಯರು ಬ್ರಿಟಿಷರ ವಿರುದ್ಧ ಶಸ್ತ್ರ ಹಿಡಿಯುತ್ತಾರೆ. ಇಂಗ್ಲಿಷ್ ವಿದ್ಯೆ ಪಡೆದ ಭುವನಮೋಹನ ಅವರ ನಾಯಕ. ದಂಗೆ ಸೋಲುತ್ತದೆ, ನಾಯಕ ಮರಣದಂಡನೆಗೆ ಗುರಿಯಾಗುತ್ತಾನೆ. ಅದೇ 1835ರ ಫೆಬ್ರವರಿಯಲ್ಲಿ ಮೆಕಾಲೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದು, ಇಂಗ್ಲಿಷ್ ವಿದ್ಯೆಯಿಂದ ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ದುಭಾಷಿಗಳಾಗಬಲ್ಲ ವರ್ಗವೊಂದು ಸಿದ್ಧವಾಗಬೇಕೆಂದು ಆಶಿಸಿದ್ದನು. ಆ ವಿದ್ಯೆಯನ್ನೇ ಕಲಿತವನೊಬ್ಬನು ಅದೇ ವರ್ಷದಲ್ಲಿ, ಅದೇ ಭಾಷೆಯಲ್ಲಿ, ದಂಗೆಯನ್ನು ಊಹಿಸಿದನೆಂಬುದು ಚರಿತ್ರೆಯ ವಿದ್ಯಾರ್ಥಿ ಮರೆಯತಕ್ಕ ಸಂಗತಿಯಲ್ಲ.

ಹೀಗಿದ್ದರೂ ಈ ಕಥೆಗೆ ತಕ್ಕ ಮನ್ನಣೆ ದೊರೆತಿಲ್ಲ. ಇದರಲ್ಲಿ ಯಂತ್ರವಾಗಲಿ ವಿಜ್ಞಾನವಾಗಲಿ ಪ್ರಧಾನವಲ್ಲ. ಆದುದರಿಂದ ವೈಜ್ಞಾನಿಕ ಕಥೆಯ ಸಾಲಿಗೆ ಇದು ಸಲೀಸಾಗಿ ಸೇರದು. ನಡೆದ ಸಂಗತಿಯಲ್ಲವಾದ್ದರಿಂದ ಚರಿತ್ರಕಾರರೂ ಇದನ್ನು ಬದಿಗಿಡುವುದುಂಟು. ಇನ್ನು ಕೆಲವರು 1945ಕ್ಕೂ 1947ಕ್ಕೂ ಇರುವ ಸಾಮೀಪ್ಯವನ್ನು ಕಂಡು ಇದನ್ನು ‘ಭವಿಷ್ಯವಾಣಿ’ ಎಂದು ಕೊಂಡಾಡಬಹುದು. ಅದೂ ಸಲ್ಲದ ಹೆಸರೇ. ಕಾಲ ಸರಿಹೊಂದಿದ್ದು ಆಕಸ್ಮಿಕ. ದಂಗೆಯನ್ನು ಕಲ್ಪಿಸಿಕೊಳ್ಳಬಲ್ಲ ಮನಸ್ಸು ಅದರ ಜಯವನ್ನು ಕಲ್ಪಿಸದೆ ನಿಂತಿತೆಂಬುದರಲ್ಲಿಯೇ ಕೃತಿಯ ನಿಜವಾದ ಸಾಕ್ಷ್ಯವಿದೆ.

ಅದೇ ಮನೆತನದ ಶಶಿಚಂದ್ರ ದತ್ತನು 1845ರಲ್ಲಿ ‘ಒರಿಸ್ಸದ ಗಣರಾಜ್ಯ’ ಎಂಬ ಕಥೆಯನ್ನು, 20ನೆಯ ಶತಮಾನದ ಇತಿಹಾಸದ ಒಂದು ಪುಟವೆಂಬ ಉಪಶೀರ್ಷಿಕೆಯೊಡನೆ ಪ್ರಕಟಿಸಿದನು. ಗುಡ್ಡಗಾಡಿನ ಜನರು ಬ್ರಿಟಿಷರ ವಿರುದ್ಧ ಏಳುವುದು ಇದರ ವಸ್ತು. ಈ ಎರಡು ಕಥೆಗಳೂ 1857ಕ್ಕೆ ಹಿಂದಿನವು ಎಂಬುದನ್ನು ಲಕ್ಷ್ಯದಲ್ಲಿಡಬೇಕು.

ಮೂರನೆಯ ಉದಾಹರಣೆ ಬೇರೆ ಬಗೆಯದು. ‘ಕುಂತಲೀನ್’ ಎಂಬ ಕೇಶತೈಲದ ತಯಾರಕರು ಏರ್ಪಡಿಸಿದ ಸ್ಪರ್ಧೆಗಾಗಿ ಜಗದೀಶಚಂದ್ರ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದು ಬಹುಮಾನ ಪಡೆದರು. ಕಲ್ಕತ್ತದ ಮೇಲೆ ಬರಲಿದ್ದ ಚಂಡಮಾರುತ ಬಾರದೆ ಹೋಗುತ್ತದೆ. ಹಡಗಿನ ಪ್ರಯಾಣಿಕನೊಬ್ಬನು ಒಂದು ಸೀಸೆ ತಲೆಯೆಣ್ಣೆಯನ್ನು ಕಡಲಿಗೆ ಸುರಿದದ್ದೇ ಕಾರಣ. ಹೊರಗಿನ ಹಣೆಪಟ್ಟಿಯನ್ನು ನೋಡಿದರೆ ಇದು ಜಾಹೀರಾತು. ಧಾಟಿಯನ್ನು ನೋಡಿದರೆ ವಿನೋದ. ಆದರೆ ನೀರಿನ ಮೇಲೆ ಹರಡಿದ ಎಣ್ಣೆಯ ಪದರ ಅಲೆಗಳನ್ನು ತಗ್ಗಿಸುತ್ತದೆಂಬ ನೈಸರ್ಗಿಕ ಸಂಗತಿ ಇದರ ತಳಹದಿ. ಬೋಸರು ಇದನ್ನು ತಿದ್ದಿ ‘ಪಲಾತಕ ತೂಫಾನ್’ ಎಂಬ ಹೆಸರಿನಿಂದ ತಮ್ಮ ‘ಅವ್ಯಕ್ತ’ ಸಂಕಲನದಲ್ಲಿ ಸೇರಿಸಿದರು.

ನಾಲ್ಕನೆಯದು ರುಕಿಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’. ಇಂಗ್ಲಿಷಿನಲ್ಲಿ ರಚಿತವಾದ ಇದು 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದರ ಸ್ತ್ರೀರಾಜ್ಯದಲ್ಲಿ ಗಂಡಸರು ಅಂತಃಪುರದಲ್ಲಿರುತ್ತಾರೆ, ಹೆಂಗಸರು ರಾಜ್ಯವಾಳುತ್ತಾರೆ. ಮಹಿಳಾ ವಿಶ್ವವಿದ್ಯಾಲಯವೊಂದು ಮೇಘಮಂಡಲದಿಂದ ನೀರನ್ನು ಸೆಳೆಯುವ ಸಾಧನವನ್ನು ರಚಿಸುತ್ತದೆ. ಇನ್ನೊಂದು ಸೂರ್ಯನ ಶಾಖವನ್ನು ಸಂಗ್ರಹಿಸುತ್ತದೆ. ಆ ಶಾಖದಿಂದಲೇ ಅಡಿಗೆ ನಡೆಯುತ್ತದೆ, ಶತ್ರುಸೈನ್ಯವೂ ಸೋಲುತ್ತದೆ. ‘ಸ್ತ್ರೀಸಾಹಿತ್ಯ’ ಎಂದಷ್ಟೇ ಕರೆದರೆ ಈ ವಿಜ್ಞಾನ ಅಲಂಕಾರವಾಗಿ ಕಾಣುತ್ತದೆ. ‘ವೈಜ್ಞಾನಿಕ ಕಥೆ’ ಎಂದಷ್ಟೇ ಕರೆದರೆ ಪರ್ದಾ ಪದ್ಧತಿಯ ಖಂಡನೆ ಹಿಂದೆ ಸರಿಯುತ್ತದೆ. ವಾಸ್ತವದಲ್ಲಿ ಎರಡೂ ಒಂದೇ ವಾದದ ಅಂಗಗಳು: ದೇಹಬಲವಲ್ಲ, ವಿದ್ಯೆಯೇ ಅಧಿಕಾರದ ಮೂಲವಾದರೆ ಸ್ತ್ರೀಯನ್ನು ಒಳಗಿಡಲು ಕಾರಣವೇ ಉಳಿಯದು. ಲೇಖಕಿ 1911ರಲ್ಲಿ ಕಲ್ಕತ್ತದಲ್ಲಿ ಬಾಲಿಕೆಯರ ಶಾಲೆಯನ್ನು ನಡೆಸತೊಡಗಿದರೆಂಬುದು ಇದಕ್ಕೆ ಪೂರಕವಾಗಿದೆ.

ಈ ಉದಾಹರಣೆಗಳಿಂದ ಒಂದು ಕ್ರಮವನ್ನು ರೂಪಿಸಬಹುದು. ಹೆಸರಿಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಕೃತಿ ತನ್ನ ಕಾಲದಲ್ಲಿ ಯಾವ ರೂಪದಲ್ಲಿ, ಯಾರಿಗಾಗಿ ಪ್ರಕಟವಾಯಿತು? ಇರುವ ಲೋಕದಲ್ಲಿ ಅದು ಯಾವ ಒಂದು ಮಾರ್ಪಾಟನ್ನು ಊಹಿಸುತ್ತದೆ? ಆ ಮಾರ್ಪಾಟನ್ನು ತೆಗೆದುಹಾಕಿದರೆ ಕಥೆ ನಿಲ್ಲುತ್ತದೆಯೆ? ನಿಲ್ಲದಿದ್ದಲ್ಲಿ ಅದನ್ನು ‘ಊಹಾಕಥೆ’ ಎಂಬ ವಿಶಾಲವಾದ ಹೆಸರಿನಲ್ಲಿ ಸೇರಿಸಿ, ಊಹೆಯು ರಾಜಕೀಯವೇ, ಸಾಮಾಜಿಕವೇ, ವೈಜ್ಞಾನಿಕವೇ ಎಂಬುದನ್ನು ವಿಶೇಷಣದಿಂದ ಸೂಚಿಸುವುದು ಯುಕ್ತ. ವಿಶೇಷಣಗಳು ಒಂದಕ್ಕಿಂತ ಹೆಚ್ಚಾದರೆ ಬಾಧಕವಿಲ್ಲ.

ಹೆಸರು ಇಷ್ಟು ವಿಶಾಲವಾದರೆ ಪುರಾಣದ ಪುಷ್ಪಕವಿಮಾನವೂ ಇದರಲ್ಲಿ ಸೇರದೆ ಎಂದು ಆಕ್ಷೇಪಿಸಬಹುದು. ಪುರಾಣವು ತನ್ನ ಶ್ರೋತೃಗಳಿಗೆ ನಡೆದುಹೋದುದನ್ನು ಹೇಳುತ್ತದೆ. ಊಹಾಕಥೆಯಾದರೋ ‘ಹೀಗಾದರೆ’ ಎಂದು ಓದುಗನೊಡನೆ ಒಪ್ಪಂದ ಮಾಡಿಕೊಂಡು ವರ್ತಮಾನವನ್ನು ಪರೀಕ್ಷಿಸುತ್ತದೆ. ಈ ಭೇದ ಸ್ಪಷ್ಟವಾಗಿರುವವರೆಗೆ ಗೊಂದಲಕ್ಕೆ ಎಡೆಯಿಲ್ಲ.

ಒಂದು ಕಾಲದ ಜನರು ಏನು ಮಾಡಿದರೆಂಬುದನ್ನು ಸರಕಾರಿ ದಾಖಲೆಗಳು ತಿಳಿಸುತ್ತವೆ. ಅವರು ಏನನ್ನು ಸಾಧ್ಯವೆಂದು ಭಾವಿಸಿದ್ದರೆಂಬುದನ್ನು ಅರಿಯಲು ಇಂಥ ಕಥೆಗಳು ನೆರವಾಗುತ್ತವೆ. ಮೆಕಾಲೆಯ ಟಿಪ್ಪಣಿಯನ್ನು ಪಾಠ ಹೇಳುವ ಅಧ್ಯಾಪಕರು ಅದರೊಡನೆ ಕೈಲಾಸಚಂದ್ರನ ಕಥೆಯನ್ನೂ ವಿದ್ಯಾರ್ಥಿಗಳಿಂದ ಓದಿಸಿದರೆ, 1835ನೆಯ ಇಸವಿಯ ಎರಡು ಮುಖಗಳೂ ಅವರಿಗೆ ಕಾಣುವುವು.