ಕೌದಿ ಯಂತ್ರಕ್ಕೆ ಬಾಬಿನ್ ಸುತ್ತುವ ಸಾಧನ: ಆರಿಸಿಕೊಳ್ಳುವ ಬಗೆ

ಹಿಂಗಾರಿ ಜೋಳದ ರಾಶಿ ಮುಗಿದು ಕಣ ಬರಿದಾಯಿತೆಂದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕಡೆಯ ಒಕ್ಕಲ ಮನೆಗಳಲ್ಲಿ ತಾಯಂದಿರ ಕೈಗೆ ಸೂಜಿದಾರ ಬರುವದು ಹಿರಿಯರಿಂದ ನಡೆದುಬಂದ ರೂಢಿ. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ದಾರ ಓಡಿಸಿದರೆ ಕೌದಿಯಾಯಿತು. ನೆರೆಯ ಮರಾಠಿ ಜನ ಇದನ್ನೇ ಗೋಧಡಿ ಎನ್ನುತ್ತಾರೆ. ಮನೆಯ ಚಳಿಗೆಂದು ಹೊಲಿದುಕೊಳ್ಳುತ್ತಿದ್ದ ಈ ವಸ್ತುವಿಗೆ ಈಗ ಪೇಟೆಯಲ್ಲಿಯೂ ಬೆಲೆಯುಂಟು. ಆದುದರಿಂದ ನಾಲ್ಕಾರು ಮನೆಯವರು ಕೂಡಿ ಒಂದು ಯಂತ್ರ ತಂದು, ಬೇಸಿಗೆಯ ಬಿಡುವಿನಲ್ಲಿ ಇದನ್ನೇ ಉಪಕಸಬಾಗಿ ಮಾಡಬಾರದೇಕೆ ಎಂಬ ವಿಚಾರ ಬರುವದು ಸಹಜ.

ವಿಚಾರವೇನೋ ಒಳ್ಳೆಯದು. ಆದರೆ ಯಂತ್ರ ಕೊಳ್ಳಹೊರಟವರು ಅದರ ಬೆಲೆ ಕೇಳುತ್ತಾರೆ, ಮೋಟಾರಿನ ಬಲ ಕೇಳುತ್ತಾರೆ, ನಿಮಿಷಕ್ಕೆ ಎಷ್ಟು ಹೊಲಿಗೆ ಎಂದು ಕೇಳುತ್ತಾರೆ. ಬಾಬಿನ್ ಸುತ್ತುವ ಸಾಧನದ ಮಾತನ್ನು ಮಾತ್ರ ಎತ್ತುವದಿಲ್ಲ. ಅಂಗಡಿಯವನು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಮುಂದೆ ಸಾಲ ಮಾಡಿ ತಂದ ಯಂತ್ರ ದಿನಕ್ಕೆ ಹತ್ತು ಸಲ ನಿಲ್ಲುತ್ತದೆ. ಹೊಲಿದ ಕೌದಿ ನಾಲ್ಕು ಒಗೆತಕ್ಕೆ ದಾರ ಬಿಡುತ್ತದೆ. ಗಿರಾಕಿ ಅದನ್ನು ಮರಳಿ ತಂದು ಮುಂದಿಡುತ್ತಾನೆ. ಆಗ ಎಲ್ಲರೂ ಯಂತ್ರವನ್ನು ಬೈಯುವರು. ಬಹಳ ಸಲ ದೋಷವಿರುವದು ಆ ಸಣ್ಣ ಬಾಬಿನ್ನಿನ ಸುತ್ತಿನಲ್ಲಿ.

ಉದ್ದತೋಳಿನ ಯಂತ್ರ ಎಂಥದು?

ಕಾಲಿನಿಂದ ತುಳಿಯುವ ಮನೆಯ ಹೊಲಿಗೆ ಯಂತ್ರದಲ್ಲಿ ಯಂತ್ರ ನಿಂತಲ್ಲಿಯೇ ನಿಂತಿದ್ದು ಬಟ್ಟೆ ಸರಿಯುತ್ತದೆ. ಉದ್ದತೋಳಿನ ಯಂತ್ರದಲ್ಲಿ ಇದು ತಿರುವುಮುರುವು. ಕೌದಿಯ ಪದರುಗಳನ್ನು ಚೌಕಟ್ಟಿನ ಉರುಳೆಗಳಿಗೆ ಕಟ್ಟಿ ಚಾಚಿರುತ್ತಾರೆ. ಯಂತ್ರದ ತಲೆಯೇ ಹಳಿಗಳ ಮೇಲೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಓಡಾಡುತ್ತದೆ. ಹಿಡಿಕೆ ಹಿಡಿದವರು ನಡೆಸಿದ ಕಡೆಗೆ ಹೊಲಿಗೆ ಬೀಳುತ್ತದೆ. ತೋಳಿನ ಒಳಗಿನ ತೆರವು ಸಾಮಾನ್ಯವಾಗಿ 18ರಿಂದ 30 ಇಂಚು ಇರುವದರಿಂದ ದಪ್ಪ ಕೌದಿಯನ್ನು ಸುರುಳಿ ಮಾಡಿ ತೂರಿಸುವ ಗೋಳಿಲ್ಲ. ಕೈಯಿಂದ ನಡೆಸುವ ಈ ಬಗೆಯ ಯಂತ್ರಗಳು ಅಮೆರಿಕದಲ್ಲಿ 1980ರ ದಶಕದಿಂದ ಹೆಚ್ಚಾಗಿ ಬಳಕೆಗೆ ಬಂದವು.

ಈ ಯಂತ್ರ ನಿಮಿಷಕ್ಕೆ ಸಾವಿರಕ್ಕೂ ಮೇಲೆ ಹೊಲಿಗೆ ಹಾಕಬಲ್ಲದು. ಅಷ್ಟು ಬೇಗ ಹೊಲಿದರೆ ಅಷ್ಟೇ ಬೇಗ ಕೆಳದಾರವೂ ತೀರುವದು. ಯಂತ್ರದ ತಲೆಯ ಮೇಲೆಯೇ ಬಾಬಿನ್ ಸುತ್ತುವದಾದರೆ ಪ್ರತಿ ಸಲವೂ ಕೆಲಸ ನಿಲ್ಲಿಸಬೇಕಾದೀತು. ಇದಕ್ಕಾಗಿಯೇ ಈ ಯಂತ್ರದ ಜೊತೆಗೆ ಬೇರೆಯಾಗಿ ಕೂಡ್ರಿಸುವ ಬಾಬಿನ್ ಸುತ್ತುವ ಸಾಧನ ರೂಢಿಗೆ ಬಂದಿತು.

ಕಂಡಿಕೆ ಸಡಿಲಾದರೆ ಹೊಕ್ಕು ಕೆಟ್ಟಂತೆ

ಅಮೆರಿಕದ ಇಲಾಯಸ್ ಹೋವ್ ಎಂಬವನು 1846ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದಂದಿನಿಂದ ಇಂದಿನವರೆಗೆ ಮೂಲ ತತ್ವ ಒಂದೇ. ಸೂಜಿಯ ದಾರ ಮೇಲಿನಿಂದ ಇಳಿಯುತ್ತದೆ. ಕೆಳದಾರ ಅದಕ್ಕೆ ತೊಡಕಿಕೊಳ್ಳುತ್ತದೆ. ಎರಡರ ಗಂಟು ಬಟ್ಟೆಯ ಪದರುಗಳ ನಡುವೆ ಅಡಗಿ ಕುಳಿತರೆ ಹೊಲಿಗೆ ಸರಿಯಾಯಿತು. ಹೋವನ ಯಂತ್ರದಲ್ಲಿ ಕೆಳದಾರ ಒಯ್ಯುತ್ತಿದ್ದದ್ದು ನೇಕಾರರ ಲಾಳಿಯಂತಹ ಒಂದು ಪುಟ್ಟ ಲಾಳಿಯೇ. ಈಗ ಅದರ ಸ್ಥಳದಲ್ಲಿ ಗುಂಡು ಬಾಬಿನ್ ಇದೆ, ಅಷ್ಟೆ.

ಸೊಲ್ಲಾಪುರದ ಮಗ್ಗಗಳನ್ನು ಬಲ್ಲವರಿಗೆ ಮುಂದಿನ ಮಾತು ಹೇಳಿಕೊಡಬೇಕಾಗಿಲ್ಲ. ರಾಟೆಯ ಮುಂದೆ ಕುಳಿತವರು ಕಂಡಿಕೆಯನ್ನು ಒಂದು ಕಡೆ ಬಿಗಿ, ಒಂದು ಕಡೆ ಸಡಿಲು ಸುತ್ತಿದರೆ ಲಾಳಿ ಓಡುವಾಗ ಹೊಕ್ಕಿನ ನೂಲು ಜಗ್ಗಿ ಹರಿಯುತ್ತದೆ, ಇಲ್ಲವೆ ಸಿಂಬಿ ಸಿಂಬಿಯಾಗಿ ಕಳಚಿ ಬೀಳುತ್ತದೆ. ನೇಕಾರ ಎಷ್ಟು ನಿಪುಣನಾದರೂ ಕೆಟ್ಟ ಕಂಡಿಕೆಯಿಂದ ಒಳ್ಳೆಯ ಬಟ್ಟೆ ತೆಗೆಯಲಾರ. ಬಾಬಿನ್ನಿನ ಮಾತೂ ಹಾಗೆಯೇ. ಸಡಿಲು ಸುತ್ತಿದ ಬಾಬಿನ್ನಿನಲ್ಲಿ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಕೊಳ್ಳುವದು. ಯಂತ್ರ ಥಟ್ಟನೆ ನಿಂತಾಗ ಬಾಬಿನ್ ತನ್ನ ವೇಗದಿಂದ ಇನ್ನೂ ಒಂದೆರಡು ಸುತ್ತು ತಿರುಗಿ ದಾರ ಚೆಲ್ಲುವದು. ಕೌದಿಯ ಅಡಿಯಲ್ಲಿ ಗುಬ್ಬಿಗೂಡಿನಂತೆ ದಾರದ ಗಂಟು ಕಟ್ಟುವದು. ಚೌಕಟ್ಟಿಗೆ ಕಟ್ಟಿದ ಕೌದಿಯ ಅಡಿಭಾಗ ಹೊಲಿಯುವವರ ಕಣ್ಣಿಗೆ ಬೀಳುವದಿಲ್ಲವಾದ್ದರಿಂದ ಕೆಡುಕು ಗೊತ್ತಾಗುವ ಹೊತ್ತಿಗೆ ನಾಲ್ಕು ಸಾಲು ಹಾಳಾಗಿರುತ್ತವೆ. ಬಿಚ್ಚುವ ಕೆಲಸ ಹೊಲಿಯುವ ಕೆಲಸಕ್ಕಿಂತ ದೊಡ್ಡದು.

ಆದುದರಿಂದ ಸಾಧನವನ್ನು ಆರಿಸುವಾಗ ಅದು ಎಷ್ಟು ಬೇಗ ಸುತ್ತುತ್ತದೆ ಎಂಬುದಕ್ಕಿಂತ ಎಷ್ಟು ಸಮನಾಗಿ ಸುತ್ತುತ್ತದೆ ಎಂಬುದನ್ನೇ ಮೊದಲು ನೋಡತಕ್ಕದ್ದು.

ಸಾಧನದ ಬಗೆಗಳು

ಮೊದಲನೆಯದು, ಯಂತ್ರಕ್ಕೇ ಅಂಟಿಕೊಂಡು ಬರುವದು. ಮನೆಯ ಕರಿಯ ಯಂತ್ರದಲ್ಲಿ ಕೈಚಕ್ರದ ಮಗ್ಗುಲಿಗೆ ರಬ್ಬರಿನ ಬಳೆ ತೊಡಿಸಿದ ಸಣ್ಣ ಗಾಲಿಯಿರುವದನ್ನು ಎಲ್ಲರೂ ಕಂಡಿದ್ದೀರಿ. ಚಕ್ರದ ನಡುವಿನ ತಿರುಪು ಸಡಿಲಿಸಿದರೆ ಸೂಜಿ ನಿಂತು ಬಾಬಿನ್ ಮಾತ್ರ ತಿರುಗುತ್ತದೆ. ಬೇರೆ ಖರ್ಚಿಲ್ಲ, ಆದರೆ ಸುತ್ತುವ ತನಕ ಹೊಲಿಗೆ ನಿಲ್ಲುವದು.

ಎರಡನೆಯದು, ಕೈಯಿಂದ ತಿರುವುವದು. ವಿದ್ಯುತ್ತು ಬೇಡ. ಒಂದೇ ಹದದಲ್ಲಿ ತಿರುವುವ ಕೈ ಇದ್ದರೆ ಸುತ್ತು ಚೆನ್ನಾಗಿಯೇ ಬರುವದು.

ಮೂರನೆಯದು, ಅಂಗೈಯಗಲದ ಹಗುರ ಮೋಟಾರಿನದು. ಬೆಲೆ ಕಡಿಮೆ. ಮನೆಯ ತೆಳುದಾರಕ್ಕೆ ಸಾಕು; ದಿನವಿಡೀ ದಪ್ಪದಾರ ಸುತ್ತಲು ಹಚ್ಚಿದರೆ ಮೋಟಾರು ಕಾಯುವದು, ಬಿಗಿ ನಿಲ್ಲದು.

ನಾಲ್ಕನೆಯದು, ಉದ್ದತೋಳಿನ ಯಂತ್ರಕ್ಕೆಂದೇ ಮಾಡಿದ ಭಾರವಾದ ಮೋಟಾರಿನದು. ಇದಕ್ಕೆ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ, ದಾರ ಬಿಗಿಹಿಡಿಯುವ ಬಿಲ್ಲೆಗಳು, ತುಂಬಿದೊಡನೆ ತಾನೇ ನಿಲ್ಲುವ ಏರ್ಪಾಡು ಇರುತ್ತವೆ. ಬೆಲೆಯೂ ಹೆಚ್ಚು.

ಕೊಳ್ಳುವಾಗ ನೋಡತಕ್ಕ ಸಂಗತಿಗಳು

ಬಾಬಿನ್ನಿನ ಅಳತೆ: ಉದ್ದತೋಳಿನ ಯಂತ್ರಗಳಲ್ಲಿ ಹೆಚ್ಚಾಗಿ ಎರಡು ಅಳತೆಯ ಬಾಬಿನ್‌ಗಳು ನಡೆಯುತ್ತವೆ. ‘ಎಲ್’ ಎಂಬುದು ಸುಮಾರು 20 ಮಿಲಿಮೀಟರ್ ಅಗಲದ್ದು. ‘ಎಂ’ ಎಂಬುದು ಸುಮಾರು 25 ಮಿಲಿಮೀಟರ್ ಅಗಲದ್ದು. ಇದರಲ್ಲಿ ‘ಎಲ್’ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ದಾರ ಹಿಡಿಯುತ್ತದೆ. ಮನೆಯ ಯಂತ್ರದ ಬಾಬಿನ್ ‘ಎಲ್’ನಷ್ಟೇ ಅಗಲವಾಗಿ ಕಂಡರೂ ಎತ್ತರದಲ್ಲಿ ಬೇರೆ, ಒಂದರ ಕೇಸಿನಲ್ಲಿ ಇನ್ನೊಂದನ್ನು ಹಾಕಲಾಗದು. ಅಂಗಡಿಗೆ ಹೋಗುವಾಗ ನಿಮ್ಮ ಯಂತ್ರದ ಬಾಬಿನ್ನನ್ನೇ ಒಯ್ಯಿರಿ. ಸಾಧನದ ಕಡ್ಡಿಯ ಮೇಲೆ ಅದು ಅಲುಗಾಡದೆ ಕೂಡ್ರಬೇಕು, ತಿರುಗುವಾಗ ಓಲಾಡಬಾರದು.

ಬಿಗಿ: ದಾರ ಹಾದು ಬರುವ ಎರಡು ಬಿಲ್ಲೆಗಳ ನಡುವಿನ ಬಿಗಿಯನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡಲು ಬರಬೇಕು. ಹತ್ತಿಯ ದಾರಕ್ಕೂ ಪಾಲಿಯೆಸ್ಟರ್ ದಾರಕ್ಕೂ ಒಂದೇ ಬಿಗಿ ಸಲ್ಲದು. ಪಾಲಿಯೆಸ್ಟರನ್ನು ಅತಿ ಬಿಗಿಯಾಗಿ, ಅತಿ ವೇಗದಿಂದ ಸುತ್ತಿದರೆ ಅದು ಹಿಗ್ಗಿ ನಿಂತು, ಹೊಲಿದ ಮೇಲೆ ಮರಳಿ ಕುಗ್ಗುವದು. ಆಗ ಕೌದಿ ನಿರಿಗೆ ಹಿಡಿಯುವದು. ಪ್ಲಾಸ್ಟಿಕ್ಕಿನ ಬಾಬಿನ್ ಆದರೆ ಆ ಒತ್ತಡಕ್ಕೆ ಅದರ ಆಕಾರವೇ ಕೆಡಬಹುದು.

ದಾರದ ದಾರಿ: ಕೋನಿನ ದಾರ ಅದರ ತುದಿಯಿಂದ ನೆಟ್ಟಗೆ ಮೇಲಕ್ಕೆ ಎದ್ದು ಬರಬೇಕು. ಆದುದರಿಂದ ಕೋನಿನ ನಡುನೆತ್ತಿಯ ಮೇಲೆ ದಾರ ಹಿಡಿಯುವ ಕೊಂಡಿಯಿದೆಯೋ ಎಂದು ನೋಡಿರಿ. ಕೊಂಡಿ ಓರೆಯಾಗಿದ್ದರೆ ದಾರ ಜಗ್ಗಿ ಜಗ್ಗಿ ಬಂದು ಸುತ್ತು ಏರುಪೇರಾಗುವದು.

ನಿಲ್ಲುವ ಏರ್ಪಾಡು: ಬಾಬಿನ್ ಅಂಚಿನವರೆಗೆ ತುಂಬಬಾರದು, ಅಂಚು ಸ್ವಲ್ಪ ಕಾಣಿಸುವಂತಿರಬೇಕು. ಹೊಟ್ಟೆಯುಬ್ಬಿದ ಬಾಬಿನ್ ಕೇಸಿನೊಳಗೆ ಉಜ್ಜಿ ತಡೆಯುವದು. ಎಷ್ಟು ತುಂಬಿದಾಗ ನಿಲ್ಲಬೇಕೆಂಬುದನ್ನು ನಾವೇ ಗೊತ್ತು ಮಾಡುವಂತಿದ್ದರೆ ಉತ್ತಮ.

ವಿದ್ಯುತ್ತು: ನಮ್ಮಲ್ಲಿಯ ವಿದ್ಯುತ್ತು 230 ವೋಲ್ಟಿನದು. ಅಮೆರಿಕದಿಂದ ಬರುವ ಸಾಧನಗಳು ಕೆಲವು 110ರಿಂದ 120 ವೋಲ್ಟಿನವು. ಅದನ್ನು ನಮ್ಮ ಗೋಡೆಯ ಪ್ಲಗ್ಗಿಗೆ ನೇರ ಚುಚ್ಚಿದರೆ ಮೋಟಾರು ಸುಟ್ಟಂತೆಯೇ. ಸಾಧನದ ಬೆನ್ನಿನ ಪಟ್ಟಿಯನ್ನು ಓದಿಯೇ ಹಣ ಕೊಡಿರಿ. ವಿದ್ಯುತ್ತು ಹೋಗಿ ಬರುವ ಊರುಗಳಲ್ಲಿ ಅದು ಇರುವಾಗಲೇ ಹತ್ತಿಪ್ಪತ್ತು ಬಾಬಿನ್ ಸುತ್ತಿಟ್ಟುಕೊಳ್ಳುವದು ಜಾಣತನ.

ಬಿಡಿಭಾಗ: ಸವೆಯುವದು ರಬ್ಬರಿನ ಬಳೆ ಮತ್ತು ಪಟ್ಟಿ. ಇವು ಸೊಲ್ಲಾಪುರದಲ್ಲಾಗಲಿ, ವಿಜಾಪುರ, ಸಾಂಗಲಿಗಳಲ್ಲಾಗಲಿ ಸಿಕ್ಕುವವೇ ಎಂದು ಮೊದಲೇ ವಿಚಾರಿಸಿರಿ. ಎಂಟಾಣೆಯಷ್ಟು ಹಗುರಾದ ಬಳೆಗಾಗಿ ತಿಂಗಳುಗಟ್ಟಲೆ ಕಾಯುವ ಸಾಧನ ಮನೆಯಲ್ಲಿದ್ದೂ ಇಲ್ಲದಂತೆ.

ಅಂಗಡಿಯಲ್ಲಿಯೇ ಪರೀಕ್ಷೆ

ನಿಮ್ಮ ದಾರ, ನಿಮ್ಮ ಬಾಬಿನ್ ಕೊಟ್ಟು ಮೂರು ಬಾಬಿನ್ ಸುತ್ತಿಸಿರಿ. ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿರಬೇಕು, ಮೆತ್ತಗೆ ತಗ್ಗಬಾರದು. ಸುತ್ತು ಎರಡೂ ಅಂಚುಗಳಿಗೆ ಸಮನಾಗಿ ಹರಡಿರಬೇಕು. ಒಂದು ಕಡೆ ದಿನ್ನೆ, ಒಂದು ಕಡೆ ತಗ್ಗು ಆಗಿರಬಾರದು. ಅನಂತರ ಬಾಬಿನ್ನನ್ನು ಕೇಸಿಗೆ ಹಾಕಿ, ದಾರದ ತುದಿ ಹಿಡಿದು ತೂಗಬಿಡಿರಿ. ಕೈಯನ್ನು ಮೆಲ್ಲಗೆ ಒಮ್ಮೆ ಕುಲುಕಿದರೆ ಕೇಸು ತುಸು ಇಳಿದು ನಿಲ್ಲಬೇಕು. ಸರಸರನೆ ಇಳಿದರೆ ಸಡಿಲು, ಅಲುಗದಿದ್ದರೆ ಬಿಗಿ. ಇದನ್ನು ಕೇಸಿನ ತಿರುಪಿನಿಂದ ಸರಿಪಡಿಸಬಹುದು. ಆದರೆ ಮೂರು ಬಾಬಿನ್‌ಗಳೂ ಮೂರು ಬಗೆಯಾಗಿ ನಡೆದುಕೊಂಡರೆ ಅದು ಕೇಸಿನ ತಪ್ಪಲ್ಲ, ಸುತ್ತಿದ ಸಾಧನದ ತಪ್ಪು. ಅಂಥದನ್ನು ಬಿಟ್ಟು ಬನ್ನಿರಿ.

ಯಾರಿಗೆ ಯಾವುದು?

ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. 6 ಅಡಿ ಉದ್ದ, 5 ಅಡಿ ಅಗಲದ ಕೌದಿಗೆ ಇಂಚಿಗೊಂದರಂತೆ ಉದ್ದ ಸಾಲು ಹಾಕಿದರೆ 60 ಸಾಲು, ಅಂದರೆ 360 ಅಡಿ ಹೊಲಿಗೆ. ಸುಮಾರು 110 ಮೀಟರ್. ಪ್ರತಿ ಹೊಲಿಗೆಯಲ್ಲಿಯೂ ಕೆಳದಾರ ಪದರಿನ ನಡುವಿನ ತನಕ ಏರಿ ಇಳಿಯುವದರಿಂದ ಅದಕ್ಕಿಂತ ಹೆಚ್ಚು ದಾರ ಬೇಕು. ಅರ್ಧದಷ್ಟು ಹೆಚ್ಚೆಂದು ಹಿಡಿದರೂ 165 ಮೀಟರ್ ಆಯಿತು. ಪದರು ದಪ್ಪವಾದಂತೆ ಇದು ಇನ್ನೂ ಏರುವದು. ಸಾಲು ಅರ್ಧ ಇಂಚಿಗೊಂದಾದರೆ ಎರಡು ಪಟ್ಟಾಗುವದು.

ಒಂದು ಬಾಬಿನ್ನಿಗೆ ಎಷ್ಟು ಸಾಲು ಬರುವದೆಂದು ನೀವೇ ಒಮ್ಮೆ ಹೊಲಿದು ಎಣಿಸಿರಿ. ಹತ್ತು ಸಾಲು ಬಂದಿತೆನ್ನೋಣ. ಕೌದಿಯೊಂದಕ್ಕೆ 6 ಬಾಬಿನ್. ಮನೆಯೊಂದರಲ್ಲಿ ತಿಂಗಳಿಗೆ ಎರಡು ಕೌದಿ ಹೊಲಿಯುವವರಿಗೆ 12 ಬಾಬಿನ್ ಸಾಕು. ಇಷ್ಟಕ್ಕೆ ಬೇರೆ ಸಾಧನ ಕೊಳ್ಳುವದು ದಂಡ. ಹತ್ತು ಬಾಬಿನ್ ಹೆಚ್ಚಿಗೆ ತಂದು, ಕೆಲಸ ಹಿಡಿಯುವ ಮೊದಲೇ ಯಂತ್ರದ ಮೇಲೆ ಸುತ್ತಿಟ್ಟುಕೊಂಡರಾಯಿತು. ಗುಂಪಿನವರು ದಿನಕ್ಕೆ ನಾಲ್ಕು ಕೌದಿ ತೆಗೆಯುವದಾದರೆ 24 ಬಾಬಿನ್ ಬೇಕು. ಒಂದಕ್ಕೆ ನಾಲ್ಕು ನಿಮಿಷ ಯಂತ್ರ ನಿಂತರೂ 96 ನಿಮಿಷ ಹೋಯಿತು. ದಿನಕ್ಕೆ ಒಂದೂವರೆ ತಾಸಿಗೂ ಹೆಚ್ಚು. ಇಂಥವರಿಗೆ ಬೇರೆ ಸಾಧನ ತನ್ನ ಬೆಲೆಯನ್ನು ತಾನೇ ದುಡಿದುಕೊಡುವದು. ಸುತ್ತುವ ಕೆಲಸವನ್ನು ಹಿರಿಯಳೊಬ್ಬಳು ಕುಳಿತಲ್ಲಿಯೇ ಮಾಡಬಹುದೆಂಬುದೂ ಒಂದು ಅನುಕೂಲವೇ. ಸುತ್ತಿಯೇ ಮಾರುವ ಸಿದ್ಧ ಬಾಬಿನ್‌ಗಳೂ ಉಂಟು. ಪೇಟೆ ಹತ್ತಿರವಿದ್ದು ಸತತವಾಗಿ ಸಿಕ್ಕುವಂತಿದ್ದರೆ ಮಾತ್ರ ಅವುಗಳನ್ನು ನಂಬಿರಿ.

ಹಳೆಯ ಬಟ್ಟೆಯಿಂದ ನಾರು, ಧೂಳು ಬಹಳ ಉದುರುತ್ತದೆ. ಬಾಬಿನ್ ಬದಲಿಸುವಾಗಲೆಲ್ಲ ಕೇಸಿನೊಳಗನ್ನು, ದಿನಕ್ಕೊಮ್ಮೆಯಾದರೂ ಸಾಧನದ ಬಿಲ್ಲೆಗಳ ಸಂದನ್ನು ಕುಂಚಿಗೆಯಿಂದ ಒರಸಿರಿ. ಬಿಲ್ಲೆಗಳ ನಡುವೆ ನಾರು ಕುಳಿತರೆ ಎಂಥ ಉತ್ತಮ ಸಾಧನವೂ ಸಡಿಲು ಸುತ್ತುವದು.

ಕೈಹೊಲಿಗೆಯ ಕೌದಿಗೆ ಅದರದೇ ಬೆಲೆಯುಂಟು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳನ್ನು ದೂರದವರು ಹುಡುಕಿ ಕೊಳ್ಳುವದು ಆ ಕೈಗೆಲಸಕ್ಕಾಗಿಯೇ. ಯಂತ್ರ ಬೇಕಾಗುವದು ಒಂದೇ ಬಗೆಯ ಕೌದಿಯನ್ನು ಹೆಚ್ಚಾಗಿ ಹೊಲಿದುಕೊಡುವವರಿಗೆ. ಅಂಥವರು ಮೊದಲು ಗಿರಾಕಿಯನ್ನು ಗೊತ್ತುಮಾಡಿಕೊಂಡು, ಆಮೇಲೆ ಯಂತ್ರದ ಸಾಲಕ್ಕೆ ಕೈಹಾಕುವದು ಲೇಸು. ಕೈಹಾಕಿದ ಮೇಲೆ ಯಂತ್ರಕ್ಕೆ ಕೊಟ್ಟಷ್ಟೇ ಲಕ್ಷ್ಯವನ್ನು ಬಾಬಿನ್ ಸುತ್ತುವ ಸಾಧನಕ್ಕೂ ಕೊಡಿರಿ.