ನೀಲಿ ಹೆಸರಿನ ಹಳದಿ ಮೀನು

ಬೆಳಿಗ್ಗೆ ಟ್ಯಾಂಕಿನ ಲೈಟು ಹಾಕಿದ ಕೂಡಲೇ ಮೊದಲು ಗಾಜಿನ ಹತ್ತಿರ ಬರುವುದು ಆ ಹಳದಿ ಮೀನೇ. ಮಾಗಿದ ನಿಂಬೆಹಣ್ಣಿನ ಬಣ್ಣ. ಬೆನ್ನಿನ ರೆಕ್ಕೆಯುದ್ದಕ್ಕೂ ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ. ಅಂಗಡಿಯಲ್ಲಿ ಇದು ಎಲೆಕ್ಟ್ರಿಕ್ ಯೆಲ್ಲೊ, ಸಾಕುವವರ ಬಾಯಲ್ಲಿ ಯೆಲ್ಲೊ ಲ್ಯಾಬ್. ಶಾಸ್ತ್ರದ ಹೆಸರು ಲ್ಯಾಬಿಡೊಕ್ರೊಮಿಸ್ ಸೆರುಲಿಯಸ್. ಲ್ಯಾಟಿನ್ನಿನಲ್ಲಿ ಸೆರುಲಿಯಸ್ ಎಂದರೆ ನೀಲಿ. ಹೆಸರಿಟ್ಟ ಪುಣ್ಯಾತ್ಮನಿಗೆ ಬಣ್ಣವೇ ಕಾಣುತ್ತಿರಲಿಲ್ಲವೇನೋ ಎಂದು ನಾನು ನಕ್ಕಿದ್ದುಂಟು.

ಆತನ ಕಣ್ಣು ಚೆನ್ನಾಗಿಯೇ ಇತ್ತು. 1956ರಲ್ಲಿ ಈ ಮೀನನ್ನು ವಿವರಿಸಿದ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜೆಫ್ರಿ ಫ್ರೈಯರ್ ನೋಡಿದ್ದು ಆಫ್ರಿಕಾದ ಮಲಾವಿ ಸರೋವರದ ಪಶ್ಚಿಮ ದಂಡೆಯ ಎನ್‌ಖಾಟಾ ಬೇ ಎಂಬ ಜಾಗದಲ್ಲಿ. ಅಲ್ಲಿ ಈ ಜಾತಿಯ ಮೀನು ಬೆಳ್ಳಗೆ, ತುಸು ನೀಲಿ ಛಾಯೆಯಲ್ಲಿರುತ್ತದೆ. ಅದೇ ದಂಡೆಯಲ್ಲಿ ಇನ್ನಷ್ಟು ಉತ್ತರಕ್ಕೆ, ಲಯನ್ಸ್ ಕೋವ್ ಎಂಬ ಕಡೆಯ ಬಂಡೆಗಳಲ್ಲಿ ಇದೇ ಜಾತಿ ಹಳದಿ. ಜಗತ್ತಿನ ಡ್ರಾಯಿಂಗ್ ರೂಮುಗಳಿಗೆ ಹೋದದ್ದು ಆ ಪುಟ್ಟ ತೀರದ ಬಣ್ಣ. ಬಿಳಿಯದನ್ನು ದುಡ್ಡು ಕೊಟ್ಟು ಯಾರು ಒಯ್ಯುತ್ತಾರೆ?

ಮಲಾವಿ ಸರೋವರ ಐನೂರು ಕಿಲೋಮೀಟರಿಗಿಂತ ಉದ್ದ, ಆಳವಾದ ಕಡೆ 700 ಮೀಟರ್. ಹೆಸರಿಗೆ ಸರೋವರ, ದಂಡೆಯಲ್ಲಿ ನಿಂತವನಿಗೆ ಸಮುದ್ರ. ಡೇವಿಡ್ ಲಿವಿಂಗ್‌ಸ್ಟನ್ 1859ರಲ್ಲಿ ಇಲ್ಲಿಗೆ ಬಂದಾಗ ಇದರ ಹೆಸರು ನ್ಯಾಸಾ. ಅವನ ಯಾತ್ರೆಯ ವೈದ್ಯ ಜಾನ್ ಕರ್ಕ್ ಹಿಡಿದು ಕಳಿಸಿದ ಮೀನುಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಆಲ್ಬರ್ಟ್ ಗುಂಥರ್ 1864ರಲ್ಲಿ ವಿವರಿಸಿದ. ಮುಂದೆ 1925-26ರಲ್ಲಿ ಕತ್‌ಬರ್ಟ್ ಕ್ರಿಸ್ಟಿ ಎಂಬಾತ ಸಾವಿರಗಟ್ಟಲೆ ಮೀನು ಸಂಗ್ರಹಿಸಿ ತಂದ. ಆ ರಾಶಿಯ ಮುಂದೆ ಕೂತವರು ಎಥೆಲ್ವಿನ್ ಟ್ರೆವಾವಸ್. ನಮ್ಮ ಹಳದಿ ಮೀನಿನ ಕುಟುಂಬವಾದ ಸಿಕ್ಲಿಡ್‌ಗಳಲ್ಲಿ ಮಲಾವಿಯವುಗಳ ಬಗ್ಗೆ 1935ರಲ್ಲಿ ಅವರು ಪ್ರಕಟಿಸಿದ ಸಾರಲೇಖ ಇವತ್ತಿಗೂ ಈ ವಿದ್ಯೆಯ ಅಡಿಗಲ್ಲು.

ಆದರೆ ಸ್ಪಿರಿಟ್ಟಿನಲ್ಲಿ ಹಾಕಿಟ್ಟ ಮೀನಿಗೆ ಬಣ್ಣ ಉಳಿಯುವುದಿಲ್ಲ. ಹಳದಿ, ನೀಲಿ, ಕಿತ್ತಳೆ ಎಲ್ಲವೂ ಹುಣಸೆಹಣ್ಣಿನ ಕಂದುಬಣ್ಣಕ್ಕೆ ತಿರುಗುತ್ತವೆ. ಭೂಮಿಯ ಮೇಲಿನ ಅತಿ ಸೊಗಸಾದ ಸಿಹಿನೀರ ಮೀನುಗಳಲ್ಲಿ ಕೆಲವನ್ನು ದಶಕಗಳ ಕಾಲ ವಿದ್ವಾಂಸರು ಹಲ್ಲು ಎಣಿಸಿ, ಮೂಳೆ ಅಳೆದು ಬೇರೆಬೇರೆ ಮಾಡಿದರು. ಜೀವಂತ ಮೀನು ಇದ್ದಲ್ಲಿಗೇ ಹೋಗಿ ಕೂತು ನೋಡಿದವರಲ್ಲಿ ಫ್ರೈಯರ್ ದೊಡ್ಡವರು. ಹಳದಿ ಮೀನೂ ಸೇರಿದಂತೆ ಬಂಡೆ ಸಂದಿಗಳಲ್ಲಿ ಬದುಕುವ ಗುಂಪಿಗೆ ದಂಡೆಯ ಟೋಂಗಾ ಜನ ಹೇಳುವ ಹೆಸರು ‘ಎಂಬೂನಾ’. ಬಂಡೆಯ ಮೇಲೆ ಬೆಳೆಯುವ ಪಾಚಿಯ ಪದರ, ಅದರೊಳಗಿನ ಸಣ್ಣ ಹುಳಹುಪ್ಪಟೆ ಇವುಗಳ ಹೊಲ. ಒಂದೊಂದು ಜಾತಿಗೆ ಅದನ್ನು ಕೆರೆಯುವುದಕ್ಕೆ, ಬಾಚುವುದಕ್ಕೆ, ಹೆಕ್ಕುವುದಕ್ಕೆ ಒಂದೊಂದು ಬಗೆಯ ಹಲ್ಲು. ಒಂದು ಬಂಡೆಗುಡ್ಡೆಗೂ ಇನ್ನೊಂದಕ್ಕೂ ನಡುವೆ ಮರಳು ಬಂದರೆ ಸಾಕು, ಎಂಬೂನಾ ದಾಟುವುದಿಲ್ಲ. ಹಾಗಾಗಿ ನಮ್ಮಲ್ಲಿ ಹೊಳೆ ದಾಟಿದರೆ ಮಾತು ಬದಲಾಗುವಂತೆ ಅಲ್ಲಿ ಮರಳು ದಾಟಿದರೆ ಬಣ್ಣ ಬದಲಾಗುತ್ತದೆ.

1960ರ ದಶಕದಲ್ಲಿ ಮಲಾವಿಯ ಮೀನುಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ವಿಮಾನ ಹತ್ತತೊಡಗಿದವು. ಸಿಹಿನೀರ ಟ್ಯಾಂಕಿನಲ್ಲಿ ಹವಳದ ಮೀನಿನ ಬಣ್ಣ ಎಂದ ಮೇಲೆ ಯುರೋಪ್, ಅಮೆರಿಕಗಳಲ್ಲಿ ಹುಚ್ಚು ಹಿಡಿಯಿತು. ಮಲಾವಿಯ ಸಲೀಮಾ ಬಳಿ ಸ್ಟುವರ್ಟ್ ಗ್ರಾಂಟ್ ಕಟ್ಟಿದ ರಫ್ತು ಕೇಂದ್ರದ ಮುಳುಗುಗಾರರು ದಂಡೆಯುದ್ದಕ್ಕೂ ಹೊಸ ಹೊಸ ಬಣ್ಣ ಹುಡುಕಿ ತಂದರು. ಅಂಥ ಒಬ್ಬ ಮುಳುಗುಗಾರ ಸೌಲೋಸ್ ಮ್ವಾಲೆ. ಅವರ ಹೆಸರಿನಲ್ಲೇ 1990ರಲ್ಲಿ ಡಚ್ ಲೇಖಕ ಆಡ್ ಕೋನಿಂಗ್ಸ್ ಒಂದು ಮೀನಿಗೆ ‘ಸೌಲೋಸಿ’ ಎಂದು ಹೆಸರಿಟ್ಟರು. ದೊರೆ, ಗವರ್ನರುಗಳ ಹೆಸರು ಹೊತ್ತ ಪ್ರಾಣಿಗಳು ಬೇಕಾದಷ್ಟಿವೆ. ನೀರಿಗಿಳಿದು ಹಿಡಿದವನ ಹೆಸರಿನದು ಅಪರೂಪ. ಸೌಲೋಸಿ ಇರುವುದು ಚಿಜುಮುಲು ದ್ವೀಪದ ಹತ್ತಿರದ ಒಂದೇ ಒಂದು ಮುಳುಗುಬಂಡೆಯಲ್ಲಿ. ಗಂಡು ನೀಲಿ, ಹೆಣ್ಣು ಹಳದಿ. ಅಷ್ಟು ಚೆಂದ ಇದ್ದದ್ದೇ ತಪ್ಪಾಯಿತು. ಹಿಡಿದು ಹಿಡಿದು ಆ ಬಂಡೆ ಬರಿದಾಗುವ ಹಂತಕ್ಕೆ ಬಂತು. ಸಾಕಿ ಬೆಳೆಸಿದ ಮರಿಗಳನ್ನು ಅಲ್ಲಿಗೇ ಮರಳಿ ಬಿಡುವ ಕೆಲಸಕ್ಕೆ ಕೋನಿಂಗ್ಸ್ ಕೈಹಾಕಬೇಕಾಯಿತು.

ಇವನ್ನು ಸಾಕುವ ವಿದ್ಯೆ ಮೀನಿನ ಜೊತೆ ಚೀಲದಲ್ಲಿ ಬರಲಿಲ್ಲ. ಅಕ್ವೇರಿಯಂ ಎಂದರೆ ಹಸಿರು ಗಿಡ, ಮೆದು ನೀರು, ಒಂದು ಜೋಡಿ ಮೀನು ಎಂಬ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಎಂಬೂನಾಗಳನ್ನು ಜೋಡಿಯಾಗಿ ಬಿಟ್ಟರೆ ಗಂಡು ಹೆಣ್ಣನ್ನು ಅಟ್ಟಾಡಿಸಿ ಕೊಲ್ಲುತ್ತದೆ. ಅದರದು ಸಂಸಾರವಲ್ಲ, ಜಮೀನ್ದಾರಿಕೆ. ಹಾಗಾಗಿ ಬಂದ ಪದ್ಧತಿ: ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು, ಮತ್ತು ಟ್ಯಾಂಕಿನಲ್ಲಿ ಬೇಕೆಂದೇ ದಟ್ಟಣೆ. ಸಂತೆಯಲ್ಲಿ ಒಬ್ಬನನ್ನೇ ಗುರಿಯಿಟ್ಟು ಹೊಡೆಯುವುದು ಕಷ್ಟ, ಪೆಟ್ಟು ಹಂಚಿಹೋಗುತ್ತದೆ. ನನ್ನದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್. ಸುಮಾರು 250 ಲೀಟರ್ ನೀರು, ಇಪ್ಪತ್ತೈದು ಮೀನು. ಬೇರೆ ಜಾತಿಗಾದರೆ ಇದು ಕ್ರೌರ್ಯ. ಇವಕ್ಕೆ ಇದೇ ಶಾಂತಿ, ಆದರೆ ಅದಕ್ಕೆ ತಕ್ಕ ಫಿಲ್ಟರ್ ಇರಬೇಕು, ವಾರಕ್ಕೊಮ್ಮೆ ಕಾಲುಭಾಗಕ್ಕಿಂತ ಹೆಚ್ಚು ನೀರು ಬದಲಿಸುವ ಸೊಂಟವೂ ಇರಬೇಕು.

ಬೆಂಗಳೂರಿನವರಿಗೆ ಇಲ್ಲೊಂದು ಅನುಕೂಲವಿದೆ. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಹೊಟ್ಟೆಯಲ್ಲಿ ಬಿಳಿ ಸುಣ್ಣ ಕಟ್ಟಿಸುವ ನಮ್ಮ ಬೋರ್‌ವೆಲ್ ನೀರನ್ನು ಬೈಯದವರಿಲ್ಲ. ಮೆದು ನೀರು ಬೇಡುವ ಅಮೆಜಾನಿನ ಡಿಸ್ಕಸ್ ಮೀನು ಸಾಕುವವರಂತೂ ಅಳುತ್ತಾರೆ. ಆಫ್ರಿಕನ್ ಸಿಕ್ಲಿಡ್‌ಗೆ ಅದು ಒಗ್ಗುತ್ತದೆ. ನಿಜ ಹೇಳಬೇಕೆಂದರೆ ಮಲಾವಿಯ ನೀರು ನಾವು ತಿಳಿದಷ್ಟು ಗಡಸಲ್ಲ, ಟ್ಯಾಂಗನೀಕಾ ಸರೋವರಕ್ಕಿಂತ ಮೆದುವೇ. ಪಿಎಚ್ 8ರ ಆಸುಪಾಸಿನಲ್ಲಿ ನಿಂತಿರುತ್ತದೆ. ನಿಂತಿರುವುದೇ ಮುಖ್ಯ. ಕಾವೇರಿ ನೀರು ಬಳಸುವವರು ಕ್ಲೋರಿನ್ ತೆಗೆಯುವ ಹನಿ ಹಾಕಿ, ತಳಕ್ಕೆ ಹವಳದ ಪುಡಿ ಸೇರಿಸುತ್ತಾರೆ.

ಪಿಎಚ್ ಏರಿದಷ್ಟೂ ಮೀನಿನ ಕಸದ ಅಮೋನಿಯಾ ಹೆಚ್ಚು ವಿಷವಾಗುತ್ತದೆ ಎಂಬುದನ್ನು ಮಾತ್ರ ಅಂಗಡಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಊರಿ, ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ನಾನು ನಾಲ್ಕು ದಿನ ಕಾದಿದ್ದೆ. ಮೊದಲ ತಂಡದಲ್ಲಿ ಉಳಿದದ್ದು ಮೂರೇ.

ಕಲ್ಲಿನ ಪಾಠವನ್ನೂ ಹೀಗೇ ಕಲಿತದ್ದು. ಮನೆ ಕಟ್ಟುವಲ್ಲಿ ಉಳಿದಿದ್ದ ಸೈಜುಗಲ್ಲಿನ ಚೂರುಗಳನ್ನು ತಂದು, ಹಾಸಿದ ಮರಳಿನ ಮೇಲೆ ಗೋಪುರ ಕಟ್ಟಿದೆ. ಈ ಮೀನುಗಳು ಬಾಯಲ್ಲಿ ಮರಳು ಮೊಗೆದು ಮೊಗೆದು ಉಗುಳುವ ಜಾತಿ. ಎಂಟನೇ ದಿನ ರಾತ್ರಿ ಗೋಪುರ ವಾಲಿ ಗಾಜಿಗೆ ಬಡಿದ ಸದ್ದಿಗೆ ಮನೆಯೇ ಎದ್ದಿತು. ಗಾಜು ಒಡೆಯದ್ದು ನನ್ನ ಪುಣ್ಯ. ಮೊದಲು ಕಲ್ಲು, ಆಮೇಲೆ ಮರಳು.

ಇನ್ನು ಊಟ. ಹಳದಿ ಮೀನು ಹುಳ ಹೆಕ್ಕುವ ಜಾತಿ, ಅದಕ್ಕೆ ಏನು ಹಾಕಿದರೂ ನಡೆಯುತ್ತದೆ. ಜೊತೆಗಿದ್ದ ನೀಲಿಪಟ್ಟೆಯ ಡೆಮಾಸೋನಿಗಳು ಪಾಚಿ ಮೇಯುವ, ಉದ್ದ ಕರುಳಿನ ಪ್ರಾಣಿಗಳು. ಪ್ರೀತಿ ಹೆಚ್ಚಾಗಿ ವಾರವಿಡೀ ಎಲ್ಲಕ್ಕೂ ಕೆಂಪು ಹುಳದ ಹಬ್ಬ ಮಾಡಿಸಿದೆ. ಡೆಮಾಸೋನಿಗಳು ಹೊಟ್ಟೆಯುಬ್ಬಿ, ಮೂಲೆ ಹಿಡಿದು, ಒಂದೊಂದಾಗಿ ಹೋದವು. ಸಾಕುವವರು ಮಲಾವಿ ಬ್ಲೋಟ್ ಎನ್ನುವುದು ಇದಕ್ಕೇ. ಈಗ ಎಲ್ಲರಿಗೂ ಸ್ಪಿರುಲಿನಾ ಗುಳಿಗೆ, ವಾರಕ್ಕೊಂದು ದಿನ ಉಪವಾಸ.

ಹಳದಿ ಮೀನು ಅಗ್ಗವಾದದ್ದಕ್ಕೆ ಕಾರಣ ಅದರ ಬಾಯಿ. ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಬಾಯೊಳಗೆ ತೆಗೆದುಕೊಳ್ಳುತ್ತದೆ. ಅನೇಕ ಜಾತಿಯ ಗಂಡುಗಳ ಬಾಲದ ಬಳಿಯ ರೆಕ್ಕೆಯಲ್ಲಿ ಮೊಟ್ಟೆಯಂಥದೇ ಚುಕ್ಕೆಗಳಿದ್ದು, ಅವನ್ನೂ ಎತ್ತಿಕೊಳ್ಳಲು ಹೆಣ್ಣು ಬಾಯಿ ಹಾಕಿದಾಗ ಗಂಡು ಬಿಡುವ ವೀರ್ಯದಿಂದ ಒಳಗಿನ ಮೊಟ್ಟೆಗಳು ಫಲಿತವಾಗುತ್ತವೆ. ಈ ಮೋಸವನ್ನು 1962ರಲ್ಲಿ ವಿವರಿಸಿದಾತ ಜರ್ಮನಿಯ ವುಲ್ಫ್‌ಗಾಂಗ್ ವಿಕ್ಲರ್. ತಾಯ ಬಾಯಲ್ಲೇ ಬೆಳೆಯುವ ಮರಿ ಉಳಿಯುವುದು ಇಷ್ಟು ಸುಲಭವಾದ್ದರಿಂದ ಸರೋವರದ ಹಂಗು ತಪ್ಪಿತು. ನಮ್ಮ ಪೇಟೆಗೆ ಬರುವುದರಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಂಥ ಕಡೆ ಸಿಮೆಂಟು ತೊಟ್ಟಿಗಳಲ್ಲಿ ಬೆಳೆದದ್ದು. ಅದರ ಕೇಡೂ ಉಂಟು. ಸರೋವರದಲ್ಲಿ ಬಣ್ಣ ನೋಡಿ ಜೋಡಿಯಾಗುವ ಜಾತಿಗಳು ತೊಟ್ಟಿಯಲ್ಲಿ ಸಿಕ್ಕಿದ್ದನ್ನು ಕೂಡುತ್ತವೆ. ‘ಮಿಕ್ಸ್ಡ್ ಆಫ್ರಿಕನ್’ ಎಂಬ ಚೀಲದಲ್ಲಿರುವ ಮೀನಿಗೆ ಊರೂ ಇಲ್ಲ, ಬಂಡೆಯೂ ಇಲ್ಲ. ನಾನಂತೂ ಕೊಳ್ಳುವುದಿಲ್ಲ.

ಸಿಕ್ಲಿಡ್ ನಮಗೇನೂ ಹೊಸದಲ್ಲ. ಕೆರೆಯ ಜಿಲೇಬಿ ಮೀನು ಆಫ್ರಿಕಾ ಮೂಲದ್ದೇ, 1952ರಲ್ಲಿ ಭಾರತಕ್ಕೆ ಬಂದದ್ದು. ನಮ್ಮದೇ ಆದ ಒಂದೂ ಇದೆ: ದಕ್ಷಿಣ ಕನ್ನಡದ ಕುಮಾರಧಾರಾ, ನೇತ್ರಾವತಿಯ ನೀರಿನ ಎಟ್ರೋಪ್ಲಸ್ ಕ್ಯಾನರೆನ್ಸಿಸ್. ಕೆನರಾದ ಹೆಸರನ್ನೇ ಹೊತ್ತ ಈ ಮೀನನ್ನು 1877ರಲ್ಲಿ ವಿವರಿಸಿದ್ದು ಫ್ರಾನ್ಸಿಸ್ ಡೇ. ಅದನ್ನು ಸಾಕಿದವರು ನನ್ನ ಗುರುತಿನಲ್ಲಿ ಯಾರೂ ಇಲ್ಲ.

ಹೋದ ತಿಂಗಳು ನನ್ನ ಹಳದಿ ಹೆಣ್ಣೊಂದು ಗಂಟಲು ಚೀಲದಂತೆ ಉಬ್ಬಿಸಿಕೊಂಡು, ಕಾಳು ಹಾಕಿದರೂ ತಿರುಗಿ ನೋಡದೆ ಕಲ್ಲಿನ ಹಿಂದೆ ನಿಂತಿತು. ಬೇರೆ ತೊಟ್ಟಿಗೆ ಬಿಟ್ಟೆ. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅದರ ಸುತ್ತ ಹದಿನಾಲ್ಕು ಮರಿ. ಟಾರ್ಚು ಹಿಡಿದು ನೋಡಿದೆ. ಹಳದಿ ಇನ್ನೂ ಬಂದಿರಲಿಲ್ಲ. ಮೈ ಬೆಳ್ಳಗೆ, ಬಿಳಿಚಿಕೊಂಡಂತೆ. ಫ್ರೈಯರ್ ಎನ್‌ಖಾಟಾ ಬೇಯಲ್ಲಿ ಕಂಡ ಮೀನೂ ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು.